ನಾಲ್ಕು ಎಣಿಕೆಯ ಮೌನ

ನಮ್ಮ ಮದುವೆಗೆ ಕಾರಣ ನನ್ನ ಅಣ್ಣನ ಬೂಟಿನ ದಾರ. ಇದನ್ನು ನಾನು ಹೇಳಲು ಬಾಯಿ ತೆರೆದರೆ ಸಾಕು, ಇವರು "ಶುರುವಾಯ್ತು ಇವಳ ಪುರಾಣ" ಎಂದು ಎದ್ದು ಹೋಗುತ್ತಾರೆ. ಹೋಗಲಿ ಬಿಡಿ. ಬ್ಯಾಂಡ್ ಮಾಸ್ತರೊಬ್ಬರ ಜೀವನ ಎಂದರೆ ಅವರು ಎಷ್ಟು ಕಪ್ ಗೆದ್ದರು ಎಂದು ಬರೆಯುವುದು ರೂಢಿ. ಇವರು ಗೆದ್ದ ಕಪ್‌ಗಳನ್ನು ಬರೆಯಲು ಹೊರಟರೆ ಅರ್ಧ ಸಾಲಿಗೆ ಮುಗಿದುಹೋಗುತ್ತದೆ. ಅದಕ್ಕೇ ಬೂಟಿನ ದಾರವೇ ಮೇಲು.

ಇವರು ಬೀಗದ ಕಾರ್ಖಾನೆಯಲ್ಲಿ ಕೀಲಿಕೈಗಳ ಹಲ್ಲನ್ನು ಅರದಿಂದ ಉಜ್ಜಿ ನಯ ಮಾಡುವ ಕೆಲಸದಲ್ಲಿದ್ದರು. ಕಾರ್ಖಾನೆಗೊಂದು ಹಿತ್ತಾಳೆ ವಾದ್ಯಗಳ ಬ್ಯಾಂಡ್ ಇತ್ತು, ಈಗಲೂ ಇದೆ. ಅದರಲ್ಲಿ ಇವರು ಕಾರ್ನೆಟ್ ಊದುತ್ತಿದ್ದರು. ಮೊಳಕ್ಕಿಂತ ಗಿಡ್ಡ ತುತ್ತೂರಿ ಅದು. ನನ್ನ ಅಣ್ಣ ದೊಡ್ಡ ಡ್ರಮ್ಮಿನವನು. ಒಂದು ದಿನ ಬೀದಿಯಲ್ಲಿ ನುಡಿಸುತ್ತ ಸಾಗುವಾಗ ಅಣ್ಣ ಮುಂದೆ, ಇವರು ಹಿಂದೆ. ಅಣ್ಣನ ಬೂಟಿನ ದಾರ ಬಿಚ್ಚಿಕೊಂಡಿತು. ಮಹಾನುಭಾವ ಹೇಳದೆ ಕೇಳದೆ ನಡುಬೀದಿಯಲ್ಲಿ ನಿಂತು ಪಕ್ಕಕ್ಕೆ ತಿರುಗಿದ. ಕಣ್ಣು ಮುಚ್ಚಿ ಊದುತ್ತ ಬರುತ್ತಿದ್ದ ಇವರ ಕಾರ್ನೆಟ್ ಡ್ರಮ್ಮಿನ ಅಂಚಿಗೆ ಗುದ್ದಿತು. ಮೇಲಿನ ಸಾಲಿನ ಎರಡು ಮುಂದಿನ ಹಲ್ಲು ಅಲ್ಲೇ ಉದುರಿದವು.

ನಾನು ಆಗ ಹಲ್ಲಿನ ಡಾಕ್ಟರ ಹತ್ತಿರ ತಟ್ಟೆ ಹಿಡಿಯುವ ಕೆಲಸಕ್ಕಿದ್ದೆ. ಅಣ್ಣ ಇವರನ್ನು ಅಲ್ಲಿಗೇ ಕರೆದುಕೊಂಡು ಬಂದ. ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಇವರು ಡಾಕ್ಟರನ್ನು ಏನೋ ಕೇಳಿದರು. ನೋವಿನ ಮಾತಲ್ಲ, ಖರ್ಚಿನ ಮಾತೂ ಅಲ್ಲ.

"ಇನ್ನು ಮುಂದೆ ಊದಬಹುದಾ ಅಂತ ಕೇಳ್ತಿದ್ದಾರೆ," ಎಂದೆ ನಾನು.

"ಬಿಸಿ ಚಹಾ ಊದಿ ಕುಡೀಬಹುದು," ಎಂದರು ಡಾಕ್ಟರು. "ತುತ್ತೂರಿ ಮರೆತುಬಿಡಿ."

ಹಿತ್ತಾಳೆ ವಾದ್ಯ ಊದುವವರ ನಿಜವಾದ ಬಲ ತುಟಿಯಲ್ಲಿದೆ, ತುಟಿಯ ಬಲ ಅದರ ಹಿಂದಿನ ಹಲ್ಲಿನಲ್ಲಿದೆ. ಆ ಹಲ್ಲು ಹೋದರೆ ಮುಗಿಯಿತು. ಕಟ್ಟಿಸಿದ ಹಲ್ಲಿನಲ್ಲಿ ಅನ್ನ ತಿನ್ನಬಹುದು, ಮೇಲಿನ ಸ್ವರ ಹಿಡಿಯಲಾಗದು. ಅಷ್ಟು ದೊಡ್ಡ ಗಂಡಸು ಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಅತ್ತರು. ನಾನು ತಟ್ಟೆ ಕೆಳಗಿಟ್ಟು ಕೈ ಹಿಡಿದುಕೊಂಡೆ. ಎರಡು ಹಲ್ಲಿಗೆ ಬದಲಾಗಿ ಅಣ್ಣ ತಂಗಿಯನ್ನೇ ಕೊಟ್ಟು ಲೆಕ್ಕ ಚುಕ್ತಾ ಮಾಡಿದ ಎಂದು ಬ್ಯಾಂಡಿನವರು ಇವತ್ತಿಗೂ ನಗುತ್ತಾರೆ. ನನಗೂ ನಗುವೇ ಬರುತ್ತದೆ, ಯಾಕೆಂದರೆ ಲಾಭ ಆದದ್ದು ನನಗೆ.

ಊದಲಾಗದವನು ಬ್ಯಾಂಡಿನಲ್ಲಿ ಉಳಿಯಬೇಕಾದರೆ ಇರುವುದು ಒಂದೇ ದಾರಿ, ಎದುರಿಗೆ ನಿಂತು ಕೋಲು ಆಡಿಸುವುದು. ಇವರು ಅದನ್ನೇ ಹಿಡಿದರು. ಮದುವೆಯಾದ ಮೇಲೆ ಕಣ್ಣೆದುರಿಗಿರಲಿ ಎಂದು ನನ್ನ ಕೈಗೂ ಎರಡು ತಾಳ ಕೊಟ್ಟರು. ಅನ್ನದ ತಟ್ಟೆಗಿಂತ ದೊಡ್ಡ ಹಿತ್ತಾಳೆ ತಾಳಗಳು. ನಾನು ಇವರ ಮುಖ ನೋಡುತ್ತ ಮೈಮರೆತು ಯಾವಾಗಲೂ ಒಂದು ಕೂದಲೆಳೆಯಷ್ಟು ತಡವಾಗಿ ಹೊಡೆಯುತ್ತಿದ್ದೆ. ತಡ ಎಂದು ಬೈಯುತ್ತಿದ್ದರೇ ಹೊರತು ತಾಳ ಕಿತ್ತುಕೊಳ್ಳಲಿಲ್ಲ.

ಕಿತ್ತುಕೊಳ್ಳುವುದು ಇವರ ಸ್ವಭಾವದಲ್ಲೇ ಇಲ್ಲ. ನಮ್ಮ ಬ್ಯಾಂಡಿನಲ್ಲಿ ಒಬ್ಬೊಬ್ಬರದೂ ಒಂದೊಂದು ಕುಂದು. ಮೊದಲ ಕಾರ್ನೆಟ್ಟಿನವನಿಗೆ ಮೇಲಿನ ಸ್ವರ ಎಂದರೆ ಕೈಕಾಲು ನಡುಗುತ್ತಿತ್ತು. ಅಣ್ಣ ಡ್ರಮ್ಮಿಗೆ ಏಟು ಹಾಕುವ ಮುಂಚೆ ತಪ್ಪದೆ ಒಮ್ಮೆ ಸೊರ್ ಎಂದು ಮೂಗು ಏರಿಸುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಸ್ಟೋರಿನ ಮಾವ. ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವವರು, ಎಲ್ಲರಿಗೂ ಮಾವ. ಮಾವ ಊದುವುದು ಯೂಫೋನಿಯಂ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹಾಗೆ ಅಪ್ಪಿಕೊಂಡು ಊದುವ ವಾದ್ಯ ಅದು. ಮಾವ ಊದಿದರೆ ಬಾಗಿಲಲ್ಲಿ ನಿಂತ ಕಾವಲುಗಾರನೂ ಬೀಡಿ ಆರಿಸಿ ಕೇಳುತ್ತಿದ್ದ. ಆದರೆ ಮಾವನಿಗೆ ಉಬ್ಬಸ. ಉದ್ದನೆಯ ರಾಗ ಅರ್ಧಕ್ಕೆ ಬರುವಷ್ಟರಲ್ಲಿ ಉಸಿರು ಕೈಕೊಡುತ್ತಿತ್ತು.

ಪೇಟೆಯಿಂದ ತಂದ ಕೃತಿಗಳು ಇಂಥವರಿಗೆಲ್ಲಿ ಸರಿಹೊಂದಬೇಕು? ಅದಕ್ಕೇ ಇವರು ತಾವೇ ಬರೆಯತೊಡಗಿದರು. ಊಟದ ಮೇಜಿನ ಮೇಲೆ ಕೂತು, ದರ್ಜಿ ಅಳತೆ ತೆಗೆದ ಹಾಗೆ ಬರೆಯುತ್ತಿದ್ದರು. ಇಲ್ಲಿ ಕಾರ್ನೆಟ್ಟಿನವನು ಹೆದರುತ್ತಾನೆ, ರಾಗ ಕೆಳಗಿಳಿಯಲಿ. ಇಲ್ಲಿ ನನ್ನ ಹೆಂಡತಿ ತಡ ಮಾಡುತ್ತಾಳೆ, ತಾಳ ಒಂದು ಕೂದಲು ಮುಂಚೆಯೇ ಇರಲಿ. ಹೀಗೆ ಹುಟ್ಟಿದ ಕೃತಿ 'ಬೆಳಗಿನ ಪಾಳಿ'. ಅದರ ನಟ್ಟನಡುವೆ ಯೂಫೋನಿಯಂ ಒಂದು ಉದ್ದ ರಾಗ ಹಿಡಿದು ಬೆಟ್ಟ ಹತ್ತಿದ ಹಾಗೆ ಹತ್ತುತ್ತದೆ. ತುದಿ ಇನ್ನೇನು ಸಿಕ್ಕಿತು ಅನ್ನುವಾಗ ಇಡೀ ಬ್ಯಾಂಡ್ ತಟ್ಟನೆ ನಿಂತುಬಿಡುತ್ತದೆ. ನಾಲ್ಕು ಎಣಿಕೆಯಷ್ಟು ಹೊತ್ತು ಪೂರ್ತಿ ಮೌನ. ಆಮೇಲೆ ಯೂಫೋನಿಯಂ ಒಂಟಿಯಾಗಿ ತುದಿಯ ಸ್ವರ ಮುಟ್ಟುತ್ತದೆ, ಮಿಕ್ಕವರು ಸೂರ್ಯ ಹುಟ್ಟಿದ ಹಾಗೆ ಸೇರಿಕೊಳ್ಳುತ್ತಾರೆ.

ಆ ಮೌನ ಮಾವ ಉಸಿರು ತೆಗೆದುಕೊಳ್ಳಲಿ ಎಂದು ಬಿಟ್ಟ ಜಾಗ. ಅಷ್ಟೇ. ಆದರೆ 'ಬೆಳಗಿನ ಪಾಳಿ' ಅಚ್ಚಾಗಿ ಬೇರೆ ಬೇರೆ ಊರಿನ ಬ್ಯಾಂಡುಗಳೂ ನುಡಿಸತೊಡಗಿದವು ನೋಡಿ, ಆಗ ಶುರುವಾಯಿತು ತಮಾಷೆ. ಅದು ದುಡಿಯುವವನ ಎದೆಯೊಳಗಿನ ಹೇಳಲಾಗದ ನೋವು ಎಂದು ಒಬ್ಬರು ಭಾಷಣ ಮಾಡಿದರು. ರಾತ್ರಿಯೂ ಹಗಲೂ ಕೈಕುಲುಕುವ ಗಳಿಗೆ ಎಂದು ಇನ್ನೊಬ್ಬರು ಪತ್ರಿಕೆಯಲ್ಲಿ ಬರೆದರು. ಇವರು ಕಟ್ಟಿಸಿದ ಹಲ್ಲು ತೋರಿಸಿ, ದೊಡ್ಡ ಜ್ಞಾನಿಯ ಹಾಗೆ ತಲೆ ಆಡಿಸಿ ಬರುತ್ತಿದ್ದರು. ಮನೆಗೆ ಬಂದು ಮಾವನೂ ಇವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಕ್ಕು ನಕ್ಕು ಮಾವನಿಗೆ ಮತ್ತೆ ಉಬ್ಬಸ.

ಕೃತಿಗೆ ಹೆಸರು ಬಂದ ಮೇಲೆ ವಾರ್ಷಿಕ ಸ್ಪರ್ಧೆಯವರು ಇವರನ್ನು ತೀರ್ಪುಗಾರರನ್ನಾಗಿ ಕರೆದರು. ಬ್ಯಾಂಡ್ ಸ್ಪರ್ಧೆಯ ತೀರ್ಪು ಎಂದರೆ ಒಂದು ರೀತಿಯ ಸೆರೆವಾಸ. ಸಭಾಂಗಣದ ಮಧ್ಯೆ ಮರದ ಚೌಕಟ್ಟು ನಿಲ್ಲಿಸಿ ಸುತ್ತ ದಪ್ಪ ಬಟ್ಟೆ ಹೊದಿಸುತ್ತಾರೆ. ತೀರ್ಪುಗಾರ ಬೆಳಿಗ್ಗೆಯೇ ಒಳಗೆ ಹೋಗಿ ಕೂರಬೇಕು. ಎಲ್ಲ ಬ್ಯಾಂಡುಗಳೂ ಒಂದೇ ಕೃತಿ ನುಡಿಸುತ್ತವೆ. ಯಾರು ಯಾವ ಸರದಿಯಲ್ಲಿ ಬರುತ್ತಾರೆ ಎಂಬುದು ಚೀಟಿ ಎತ್ತಿದವರಿಗಷ್ಟೇ ಗೊತ್ತು. ಒಳಗಿರುವವರಿಗೆ ಒಂದನೇ ನಂಬರ್, ಎರಡನೇ ನಂಬರ್, ಅಷ್ಟೇ. ಕೊನೆಯ ಬ್ಯಾಂಡ್ ಮುಗಿಯುವವರೆಗೆ ಆಚೆ ತಲೆ ಹಾಕುವಂತಿಲ್ಲ. ಅದಕ್ಕೇ ಒಳಗೊಂದು ಫ್ಲಾಸ್ಕು, ಒಂದು ದಿಂಬು, ಮತ್ತು ಮರ್ಯಾದೆಯಿಂದ ಯಾರೂ ಹೆಸರೆತ್ತದ ಒಂದು ಬಕೆಟ್ಟು.

ಬಟ್ಟೆ ಕಣ್ಣು ಮುಚ್ಚಬಹುದು, ಇವರ ಕಿವಿ ಮುಚ್ಚುವುದು ಹೇಗೆ? ನಮ್ಮ ಬ್ಯಾಂಡ್ ವೇದಿಕೆ ಹತ್ತಿದ ಕೂಡಲೆ ಇವರಿಗೆ ಗೊತ್ತಾಗಿಬಿಡುತ್ತಿತ್ತು. ಅಣ್ಣ ಮೂಗು ಏರಿಸುವ ಸದ್ದು, ಮಾವನ ಎದೆಯ ಗೊರಗೊರ, ನನ್ನ ತಡವಾದ ತಾಳ. ಗೊತ್ತಾಯಿತೋ, ಗ್ರಹಚಾರ ಕೆಟ್ಟಿತು. ಇಷ್ಟು ಪ್ರಾಮಾಣಿಕ ಮನುಷ್ಯನನ್ನು ಕಟ್ಟಿಕೊಂಡು ಬಾಳುವುದು ಎಷ್ಟು ಕಷ್ಟ ಅಂತ ನನ್ನನ್ನು ಕೇಳಿ. ನಮ್ಮವರಿಗೆ ಎಲ್ಲಿ ಹೆಚ್ಚು ಕೊಟ್ಟುಬಿಡುತ್ತೇನೋ ಎಂಬ ಭಯಕ್ಕೆ ಇವರು ಅಂಕ ಕತ್ತರಿಸಿಬಿಡುತ್ತಿದ್ದರು. ನಾವು ಒಂದು ವರ್ಷ ನಾಲ್ಕನೆಯವರು, ಮುಂದಿನ ವರ್ಷ ಐದನೆಯವರು. ಅಣ್ಣ ಸಿಟ್ಟಿಗೆ ಮನೆಗೆ ಬರುವುದನ್ನೇ ಬಿಟ್ಟ. ಉಳಿದ ಬ್ಯಾಂಡಿನವರಿಗೋ ಇವರೆಂದರೆ ಪಂಚಪ್ರಾಣ. ಇಂಥ ತೀರ್ಪುಗಾರ ಬೇರೆಲ್ಲಿ ಸಿಗಬೇಕು?

"ಯಾಕೆ ಹೀಗೆ ಮಾಡ್ತೀರಿ?" ಎಂದು ಜಗಳವಾಡಿದೆ.

"ಗುರುತು ಸಿಕ್ಕಮೇಲೆ ನನ್ನ ಕಿವೀನ ನಾನೇ ನಂಬಲ್ಲ ಕಣೇ," ಎಂದರು. "ಚೆನ್ನಾಗಿ ಕೇಳಿಸ್ತು ಅಂದ್ರೆ, ಅದು ನಿಜವಾಗ್ಲೂ ಚೆನ್ನಾಗಿದೆಯೋ, ನಮ್ಮವರು ಅಂತ ಚೆನ್ನಾಗಿ ಕೇಳಿಸ್ತೋ? ನನಗೇನು ಗೊತ್ತು?"

ಜಗಳದಲ್ಲಿ ಸೋತಾಗ ನಾನು ಪಾತ್ರೆ ಜೋರಾಗಿ ತೊಳೆಯುತ್ತೇನೆ. ಅವತ್ತೂ ತೊಳೆದೆ.

ಇವರು ತೀರ್ಪುಗಾರರಾದ ಮೇಲೆ ಬ್ಯಾಂಡಿನ ಕೋಲು ನಮ್ಮ ಮಗಳ ಕೈಗೆ ಬಂತು. ಕಾರ್ನೆಟ್ ಕಲಿತವಳು, ಅಪ್ಪನ ಕಿವಿ, ನನ್ನ ಬಾಯಿ. ಬ್ಯಾಂಡ್ ಸಮಿತಿಯ ಅಧ್ಯಕ್ಷರಿಗೆ ಮಾತ್ರ ಅವಳ ಮೇಲೆ ನಂಬಿಕೆ ಇರಲಿಲ್ಲ. ಹೋದ ವರ್ಷ ಸಭೆಯಲ್ಲಿ ಮುಖ ಕಿವುಚಿ ಹೇಳಿಯೇಬಿಟ್ಟರು: "ನೋಡಮ್ಮಾ, ಈ ಸಲ ಕಪ್ ಬರಬೇಕು. ಬರಲಿಲ್ಲ ಅಂದ್ರೆ ಹೊರಗಿನಿಂದ ಒಬ್ಬರನ್ನ ಕರೆಸ್ತೀವಿ. ನೀನು ಮತ್ತೆ ಕಾರ್ನೆಟ್ ಸಾಲಿಗೆ ಹೋಗಿ ಕೂತ್ಕೋ."

ಆ ವರ್ಷ ಸ್ಪರ್ಧೆಗೆ ಆರಿಸಿದ ಕೃತಿ ಯಾವುದು ಅಂದುಕೊಂಡಿರಿ? 'ಬೆಳಗಿನ ಪಾಳಿ'. ತೀರ್ಪುಗಾರರೂ ಇವರೇ. ಈ ಸಲ ತೀರ್ಪುಗಾರಿಕೆ ಬಿಟ್ಟುಕೊಡುತ್ತೇನೆ ಎಂದು ಇವರು ಸ್ಪರ್ಧೆಯವರಿಗೆ ಹೇಳಿ ನೋಡಿದರು, ಅವರು ಒಪ್ಪಲಿಲ್ಲ. ಮಗಳೂ ಒಪ್ಪಲಿಲ್ಲ. "ಅಪ್ಪ ಇಲ್ಲದೇ ಇರೋ ವರ್ಷ ಗೆದ್ದರೆ, ಅಪ್ಪ ಇದ್ದಿದ್ರೆ ಸೋತಿರೋಳು ಅಂತಾರೆ. ಬೇಡ," ಎಂದಳು.

ಮರುದಿನ ಅಭ್ಯಾಸಕ್ಕೆ ಎಲ್ಲರೂ ಸೇರಿದಾಗ ಕಾರ್ಖಾನೆಯ ಪ್ಯಾಕಿಂಗ್ ಕೋಣೆಯ ಬಾಗಿಲು ಹಾಕಿ ಅವಳು ತನ್ನ ಉಪಾಯ ಬಿಚ್ಚಿದಳು. ಅಪ್ಪನಿಗೆ ನಾವು ಯಾರೆಂದು ಗೊತ್ತಾಗಲೇಬಾರದು.

"ನಿಮ್ಮ ಮೂಗು ಮೊದಲು," ಎಂದಳು ನನ್ನ ಅಣ್ಣನಿಗೆ. "ಅಮ್ಮಾ, ನೀನು ನನ್ನ ಮುಖ ನೋಡಬೇಡ. ಕೋಲು ನೋಡು."

"ನಿನ್ನ ಮುಖ ಯಾರು ನೋಡ್ತಾರೆ? ನಾನು ನೋಡ್ತಿದ್ದದ್ದು ನಿಮ್ಮಪ್ಪನ ಮುಖ," ಎಂದೆ. ಎಲ್ಲರೂ ನಕ್ಕರು. ಆದರೆ ಅಂದಿನಿಂದ ಕೋಲನ್ನೇ ನೋಡಿದೆ.

ಒಂದೊಂದೇ ಗುರುತು ಅಳಿಸಲು ಕೂತೆವು. ಅಣ್ಣ ತುಟಿ ಕಚ್ಚಿ ಮೂಗನ್ನು ಹತೋಟಿಗೆ ತಂದ. ನಾನು ಮನೆಯಲ್ಲಿ ಎರಡು ಪಾತ್ರೆ ಮುಚ್ಚಳ ಹಿಡಿದು ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಬಡಿದೆ. ಮೊದಲ ಕಾರ್ನೆಟ್ಟಿನವನು ಹೆದರಿ ಮೇಲಿನ ಸ್ವರಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದನ್ನು ಬಿಟ್ಟ. ಬಿಟ್ಟ ಮೇಲೆ ಹೆದರಿಕೆಯೂ ಅವನನ್ನು ಬಿಟ್ಟಿತು. ನಾವು ಅಂದುಕೊಂಡದ್ದು ವೇಷ ಹಾಕಿಕೊಳ್ಳುತ್ತಿದ್ದೇವೆ ಎಂದು. ಆದರೆ ನಮ್ಮ ಗುರುತುಗಳೆಲ್ಲ ನಮ್ಮ ತಪ್ಪುಗಳೇ ಆಗಿದ್ದವಲ್ಲ, ಅವು ಕಳಚಿದ ಹಾಗೆಲ್ಲ ಬ್ಯಾಂಡ್ ಚೆನ್ನಾಗುತ್ತ ಹೋಯಿತು. ಒಂದು ಸಂಜೆ ನುಡಿಸಿ ಮುಗಿಸಿದಾಗ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದು ನಾವೇನಾ ಎಂದು ನಮಗೇ ಅನುಮಾನ.

ಉಳಿದದ್ದು ಮಾವನ ಉಬ್ಬಸ ಒಂದೇ. ಅಧ್ಯಕ್ಷರು ಅವರ ಬದಲು ಹೊಸಬನೊಬ್ಬನನ್ನು ತರಿಸುತ್ತೇನೆ ಎಂದರು. ಮಾವನೂ ಯೂಫೋನಿಯಂ ಒರೆಸಿ ಪೆಟ್ಟಿಗೆಯಲ್ಲಿಟ್ಟು, "ನನ್ನಿಂದ ನಿನ್ನ ಕೋಲು ಹೋಗೋದು ಬೇಡ ಮಗಳೇ," ಎಂದರು.

"ಇದನ್ನ ಬರೆದದ್ದೇ ನಿಮಗೆ," ಎಂದಳು ಅವಳು. "ನೀವು ಊದದೇ ಇದ್ರೆ ನಾನು ಕೋಲು ಎತ್ತಲ್ಲ. ಪೆಟ್ಟಿಗೆ ತೆಗೀರಿ." ಅವಳಿಗೂ ಮೂಗಿನ ತುದಿಯಲ್ಲೇ ಕೋಪ, ಅದೂ ನನ್ನದೇ. ಮಾವ ಪೆಟ್ಟಿಗೆ ತೆಗೆದರು. ಗೊರಗೊರ ಸದ್ದು ಬಾರದ ಹಾಗೆ ಮೆಲ್ಲಗೆ ಉಸಿರು ತುಂಬಿಕೊಳ್ಳುವುದನ್ನು ಆ ವಯಸ್ಸಿನಲ್ಲಿ ಹೊಸದಾಗಿ ಕಲಿತರು.

ಈ ನಡುವೆ ಮನೆಯಲ್ಲಿ ಇವರದು ಬೇರೆಯೇ ಕಥೆ. ಇವರು ಒಳಗೆ ಬಂದರೆ ನಾವು ಮಾತು ನಿಲ್ಲಿಸುತ್ತಿದ್ದೆವು. ಮುನಿಸಿಕೊಂಡಿದ್ದ ಅಣ್ಣ ದಿನಾ ಬರತೊಡಗಿದ್ದ. ಸ್ಪರ್ಧೆ ಮುಗಿದ ಮರುವಾರವೇ ಇವರ ಹುಟ್ಟಿದ ದಿನ. ನಾವು ಅದಕ್ಕೇ ಗುಟ್ಟಾಗಿ ಏನೋ ದೊಡ್ಡ ಏರ್ಪಾಡು ಮಾಡುತ್ತಿದ್ದೇವೆ ಎಂದು ಇವರ ತಲೆಗೆ ಹೊಕ್ಕಿತು. ಏನೂ ಗೊತ್ತಿಲ್ಲದವರ ಹಾಗೆ ಶಿಳ್ಳೆ ಹಾಕುತ್ತ ಓಡಾಡುವುದೇನು, ಹಳೇ ಕೋಟನ್ನು ಇಸ್ತ್ರಿಗೆ ಕೊಡುವುದೇನು, ಕೂದಲು ಕತ್ತರಿಸಿಕೊಂಡು ಬರುವುದೇನು! ನನಗೆ ಪಾಪ ಅನಿಸಿತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ.

ಸ್ಪರ್ಧೆಯ ದಿನ ಇವರು ಫ್ಲಾಸ್ಕ್ ಹಿಡಿದು ಬಟ್ಟೆಯ ಗೂಡಿನೊಳಗೆ ಹೋದರು. ನಮಗೆ ಸಿಕ್ಕಿದ್ದು ಏಳನೇ ನಂಬರ್. ವೇದಿಕೆ ಹತ್ತುವಾಗ ಯಾರೂ ಕೆಮ್ಮಲಿಲ್ಲ, ಕುರ್ಚಿ ಎಳೆಯಲಿಲ್ಲ. ಮಗಳು ಕೋಲು ತಟ್ಟದೆ ಬರೀ ಎತ್ತಿದಳು. ಅಣ್ಣನ ಮೂಗು ಮಾತಾಡಲಿಲ್ಲ. ನನ್ನ ಮೊದಲ ತಾಳ ಗಡಿಯಾರದಷ್ಟು ಸರಿಯಾಗಿ ಬಿತ್ತು. ಬಿದ್ದ ಖುಷಿಗೆ ನನ್ನ ಮೈಯೆಲ್ಲ ಜುಂ ಎಂದಿತು. ಅಷ್ಟು ಚೆನ್ನಾಗಿ ನಾವು ಯಾವತ್ತೂ ನುಡಿಸಿರಲಿಲ್ಲ.

ಮಾವ ರಾಗ ಹಿಡಿದು ಹತ್ತತೊಡಗಿದರು. ತುದಿ ಹತ್ತಿರ ಬಂತು. ಮಗಳ ಕೈ ಮೇಲೆ ನಿಂತಿತು. ಮೌನ.

ಒಂದು, ಎರಡು, ಮೂರು, ನಾಲ್ಕು. ನಾನು ಮನಸ್ಸಿನಲ್ಲೇ ಎಣಿಸಿದೆ. ಮಾವನಿಗೆ ಉಸಿರು ಬರಲಿಲ್ಲ.

ಮುಖ ಕೆಂಪಾಗಿತ್ತು, ಹೆಗಲು ಕುಸಿದಿತ್ತು. ಸದ್ದು ಮಾಡಿ ಎಳೆದುಕೊಂಡರೆ ಗುರುತು ಸಿಕ್ಕಿಬಿಡುತ್ತದೆ ಎಂದು ಆ ಮನುಷ್ಯ ಗಂಟಲು ಬಿಗಿಹಿಡಿದಿದ್ದರು. ಎಣಿಕೆ ಮುಗಿದಿತ್ತು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಹಣೆಗೆ ಕೈ ಹಚ್ಚಿದರು. ಮಗಳು ಮಾತ್ರ ಕೈ ಇಳಿಸಲಿಲ್ಲ. ಅಧ್ಯಕ್ಷರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ. ಮಾವನನ್ನೇ ನೋಡುತ್ತ, ನಿಧಾನ, ನಿಧಾನ ಎಂಬ ಹಾಗೆ ಮುಗುಳ್ನಗುತ್ತ ನಿಂತಳು. ತನ್ನ ಕೋಲು ಹೋಗುವ ಹೊತ್ತಿನಲ್ಲಿ ಆ ಹುಡುಗಿ ನಗುತ್ತಿದ್ದಳು. ಮಾವನ ಗಂಟಲು ಸಡಿಲಾಯಿತು. ಉಸಿರು ಒಳಗಿಳಿಯಿತು. ಮಾವ ತಲೆ ಆಡಿಸಿದರು.

ಅವಳ ಕೈ ಇಳಿಯಿತು. ಆ ತುದಿಯ ಸ್ವರ ಬಂತು ನೋಡಿ! ನಾನು ಅಳುತ್ತಲೇ ತಾಳ ಹೊಡೆದೆ, ಆದರೂ ಒಂದೂ ತಡವಾಗಲಿಲ್ಲ.

ಸಂಜೆಗೆ ಎಲ್ಲ ಬ್ಯಾಂಡುಗಳೂ ಮುಗಿದವು. ಇವರು ಗೂಡಿನಿಂದ ಹೊರಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ವೇದಿಕೆ ಹತ್ತಿದರು. ಫಲಿತಾಂಶಕ್ಕೆ ಮುಂಚೆ ತೀರ್ಪುಗಾರ ನಾಲ್ಕು ಮಾತು ಹೇಳುವುದು ಪದ್ಧತಿ. ಇವರು ಒಂದೊಂದು ನಂಬರಿನವರನ್ನೂ ಹೊಗಳಿದರು, ಕಿವಿ ಹಿಂಡಿದರು. ಕೊನೆಗೆ ಹೇಳಿದರು:

"ಮೌನದ ಜಾಗದಲ್ಲಿ ಎಲ್ಲರೂ ಎಣಿಸಿದರು. ಬಹಳ ಸರಿಯಾಗೇ ಎಣಿಸಿದರು. ಏಳನೇ ನಂಬರಿನವರು ಎಣಿಸಲಿಲ್ಲ. ಅವರು ಕಾದರು."

ನಾವು ಯಾರೆಂದು ಇವರಿಗೆ ಗೊತ್ತಾಗಿಬಿಟ್ಟಿದೆ! ಇನ್ನೇನು, ನಾಲ್ಕನೆಯವರು, ಇಲ್ಲವೇ ಐದನೆಯವರು. ಪಕ್ಕದಲ್ಲಿ ಅಣ್ಣ ಇಷ್ಟು ದಿನ ತಡೆದಿದ್ದ ಮೂಗನ್ನು ಒಮ್ಮೆಲೇ ಜೋರಾಗಿ ಏರಿಸಿದ. ಮೂರನೇ ಸ್ಥಾನ ಓದಿದರು, ನಾವಲ್ಲ. ಎರಡನೆಯದು, ನಾವಲ್ಲ. ಅಧ್ಯಕ್ಷರು ಎದ್ದು ಟೋಪಿ ಹುಡುಕತೊಡಗಿದರು. ಮಗಳು ನನ್ನ ಕೈ ಹಿಡಿದುಕೊಂಡಳು.

"ಮೊದಲನೇ ಸ್ಥಾನ," ಎಂದು ಇವರು ಬಾಯಿ ತೆರೆದರು. ಕಟ್ಟಿಸಿದ ಹಲ್ಲು ಜಾರಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು, ಮಾತಾಡಲಾಗದೆ, ಇನ್ನೊಂದು ಕೈಯ ಐದು ಬೆರಳು ತೋರಿಸಿದರು. ಐದನೇ ನಂಬರಿನವರು ಹೋ ಎಂದು ಎದ್ದು ನಿಂತರು. ಇವರು ಗಾಬರಿಯಿಂದ ತಲೆ ಅಲ್ಲಾಡಿಸಿ, ಹಲ್ಲನ್ನೇ ಕಿತ್ತು ಜೇಬಿಗೆ ಹಾಕಿಕೊಂಡು, ಎರಡೂ ಕೈ ಎತ್ತಿ ಮತ್ತೆರಡು ಬೆರಳು ಸೇರಿಸಿದರು.

ಏಳು.

ಆಮೇಲೆ ಏನಾಯಿತು ಎಂದು ನನಗೆ ಸರಿಯಾಗಿ ನೆನಪಿಲ್ಲ. ಅಧ್ಯಕ್ಷರು ಮಗಳ ಕೈ ಕುಲುಕಿ, "ನಾನು ಮೊದಲೇ ಹೇಳಿರಲಿಲ್ವಾ?" ಎಂದದ್ದು ನೆನಪಿದೆ. ಅಣ್ಣ ಇವರನ್ನು ಎತ್ತಿಕೊಂಡು ಕುಣಿದದ್ದು ನೆನಪಿದೆ.

ಮನೆಗೆ ಬಂದು ಎಲ್ಲರೂ ಅಡುಗೆಮನೆಯಲ್ಲಿ ಇಕ್ಕಟ್ಟಾಗಿ ಕೂತೆವು. ಮೇಜಿನ ಮಧ್ಯೆ ಕಪ್. ನಾನು ಸೊಂಟದ ಮೇಲೆ ಕೈಯಿಟ್ಟು ಕೇಳಿದೆ: "ನಾವು ಅಂತ ಗೊತ್ತಾಗಿತ್ತು ತಾನೇ? ಮತ್ತೆ ಈ ಸಲ ಯಾಕೆ ಕತ್ತರಿಸಲಿಲ್ಲ?"

"ಶುರುವಿನಲ್ಲಿ ಗೊತ್ತಾಗಲಿಲ್ಲ ಕಣೇ," ಎಂದರು ಇವರು. "ಯಾರಪ್ಪಾ ಇವರು, ಇಷ್ಟು ಚೆನ್ನಾಗಿ ನುಡಿಸ್ತಾರೆ ಅಂತ ಹೊಟ್ಟೆಕಿಚ್ಚಾಯ್ತು. ನಮ್ಮವರು ಹೀಗೆ ನುಡಿಸಬಾರದಿತ್ತಾ ಅನ್ನಿಸ್ತು. ಮೌನದ ಹೊತ್ತಿಗೆ ಅಲ್ಲಿವರೆಗಿನ ಎಲ್ಲರಿಗಿಂತ ಹೆಚ್ಚು ಅಂಕ ಬರೆದು ಆಗಿತ್ತು. ಆಮೇಲೆ ಅವಳು ಕಾದಳು. ಇನ್ಯಾರು ಕಾಯ್ತಾರೆ ಹಾಗೆ? ಆಗ ಗೊತ್ತಾಯ್ತು. ಅಭ್ಯಾಸಬಲ, ಕತ್ತರಿಸೋಕೆ ಅಂತ ಪೆನ್ನು ಎತ್ತಿದೆ." ಮಗಳ ತಲೆ ಮೇಲೆ ಕೈಯಿಟ್ಟರು. "ಕತ್ತರಿಸೋಕೆ ಕಾರಣವೇ ಉಳಿದಿರಲಿಲ್ಲ. ನಮ್ಮವರು ಅಂತ ಗೊತ್ತಾಗೋ ಮುಂಚೇನೇ ಚೆನ್ನಾಗಿತ್ತಲ್ಲ."

ಮಗಳು ಅಪ್ಪನ ಎದೆಗೆ ಮುಖ ಒತ್ತಿಕೊಂಡಳು. ನಾನು ಪಾತ್ರೆ ತೊಳೆಯಲು ಹೋದೆ, ಆದರೆ ಸದ್ದಾಗದ ಹಾಗೆ ತೊಳೆದೆ.

"ಹಾಗಾದ್ರೆ ಇಷ್ಟು ದಿನ ಗುಸುಗುಸು ಅಂತಿದ್ದದ್ದು ಇದಕ್ಕಾ?" ಎಂದರು ಇವರು, ಇಸ್ತ್ರಿ ಮಾಡಿದ ಕೋಟನ್ನು ನೋಡಿಕೊಳ್ಳುತ್ತ. ಎಲ್ಲರಿಗೂ ಒಟ್ಟಿಗೆ ನಗು ಬಂತು.

ಬಾಗಿಲ ಬಳಿ ಯೂಫೋನಿಯಂ ಪೆಟ್ಟಿಗೆಯ ಮೇಲೆ ಕೂತಿದ್ದ ಮಾವ ಮಾತ್ರ ಪೂರ್ತಿ ನಗಲಿಲ್ಲ. ತಲೆ ತಗ್ಗಿಸಿಕೊಂಡು, "ನಿನ್ನ ಮೌನಾನ ನಾನು ಉದ್ದ ಮಾಡಿಬಿಟ್ಟೆ ಕಣಯ್ಯಾ. ನೀನು ಬರೆದದ್ದು ನಾಲ್ಕೇ," ಎಂದರು.

ಇವರು ಎದ್ದು ಹೋಗಿ ಮಾವನ ಪಕ್ಕದಲ್ಲಿ ಅದೇ ಪೆಟ್ಟಿಗೆಯ ತುದಿಯಲ್ಲಿ ಕೂತರು.

"ಅದು ನನ್ನದೆಲ್ಲಿ, ನಿನ್ನದೇ ಅಲ್ವಾ?" ಎಂದರು. "ಅಳತೆ ತೆಗೆಯುವಾಗ ನಾನೇ ಗಿಡ್ಡ ಮಾಡಿದ್ದೆ. ಮಗಳು ಸರಿಮಾಡಿದಳು."

ಮಾವ ನಿಧಾನವಾಗಿ ಒಂದು ಉಸಿರು ಎಳೆದುಕೊಂಡರು, ಗೊರಗೊರ ಸದ್ದು ಮಾಡುತ್ತಲೇ. ಅವರು ಎಳೆದುಕೊಂಡು ಮುಗಿಯುವವರೆಗೆ ನಾವೆಲ್ಲ ಸುಮ್ಮನಿದ್ದೆವು. ಆಮೇಲೆ ನಾನು ಚಹಾ ಬಗ್ಗಿಸಿದೆ.